ತಪ್ಪು ನನ್ನದೆಂದು ಬರೆದ ದಿನ

ಹೊಸಪೇಟೆ, ೨೦೦೬

ಉಚ್ಚೆಂಗೆಪ್ಪ ಮಾಸ್ತರರಿಗೆ ಹಾಲೇಶನ ನಮಸ್ಕಾರ.

ನೀವು ತೀರಿಕೊಂಡು ಎರಡು ವರ್ಷವಾಯಿತು. ಆದರೂ ಇದನ್ನು ಬೇರೆ ಯಾರಿಗೆ ಹೇಳಲಿ?

ನಾನು ಸಂಡೂರಿನ ಗಣಿಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದೆ. ಮೊನ್ನೆ ಲಾರಿಗಳು ಸಾಲುಗಟ್ಟಿ ನಿಂತಿದ್ದವೆಂದು ಆತುರಪಟ್ಟು, ಕೂಲಿಯಾಳು ಮಹಾಂತೇಶನನ್ನು ಅದಿರಿನ ಗುಡ್ಡೆಯ ಕೆಳಗೆ ಕಳಿಸಿದೆ. ಗುಡ್ಡೆ ಜರಿದು ಅವನ ಕಾಲು ಮುರಿಯಿತು.

"ಬ್ಯಾಡಂದ್ರೂ ತಾನ ಹೋದ ಅಂತ ಬರಿ. ನಿನ್ನ ನೌಕರಿ ಉಳೀತದ," ಎಂದು ಮ್ಯಾನೇಜರ್ ಅಪಘಾತದ ವರದಿಯ ಹಾಳೆ ಮುಂದಿಟ್ಟರು.

ಪೆನ್ನು ಹಿಡಿದಾಗ ೧೯೯೦ರ ನಮ್ಮ ಹಂಪಿಯ ಸ್ಕೌಟ್ ಕ್ಯಾಂಪು ನೆನಪಾಯಿತು. ನಿಮ್ಮ ಮಾತು ಮೀರಿ ಹುಡುಗರನ್ನು ಹೊಳೆಗೆ ಇಳಿಸಿದವನು ದಳದ ನಾಯಕನಾಗಿದ್ದ ನಾನು. ಮುಳುಗುತ್ತಿದ್ದ ಹಂಪೇಶನನ್ನು ಎಳೆದು ತಂದವರು ನೀವು. ಹೆಡ್‌ಮಾಸ್ತರರ ಮುಂದೆ, "ತಪ್ಪು ನಂದ್ರಿ, ಹುಡುಗ್ರನ್ನ ಬೈಬ್ಯಾಡ್ರಿ," ಎಂದಿರಿ. ಆಮೇಲೆ ನಿಮ್ಮನ್ನು ಸ್ಕೌಟ್ ದಳದಿಂದಲೇ ತೆಗೆದರು. ನಾನು ತಲೆ ತಗ್ಗಿಸಿ ನಿಂತಿದ್ದೆ. ಅಂದಿನಿಂದ ನಿಮ್ಮ ಓಣಿಯನ್ನೇ ತಪ್ಪಿಸಿ ಓಡಾಡಿದೆ.

ಮೊನ್ನೆ "ನಾನೇ ಕಳಿಸಿದೆ" ಎಂದು ಬರೆದು ಸಹಿ ಹಾಕಿದೆ. ನೌಕರಿ ಹೋಯಿತು. ಮಹಾಂತೇಶನಿಗೆ ಪರಿಹಾರ ಸಿಗುತ್ತದಂತೆ.

ಇವತ್ತು ಆಸ್ಪತ್ರೆಗೆ ಹೋಗಿ ಅವನೆದುರೂ ಅದನ್ನೇ ಹೇಳಿದೆ. ಅವನು ಮಂಚದ ಪಕ್ಕದ ಸ್ಟೂಲು ತೋರಿಸಿ, "ಕುಂದ್ರಿ, ಸರ್," ಎಂದ.

ಹೇಳಿ ಮುಗಿಸಲು ಎರಡು ನಿಮಿಷವೂ ಹಿಡಿಯಲಿಲ್ಲ, ಮಾಸ್ತರೇ. ನಿಮ್ಮೆದುರು ಹೇಳಲು ನನಗೆ ಹದಿನಾಲ್ಕು ವರ್ಷ ಸಮಯವಿತ್ತು.