ಅಮೀನಗಡದ ಹತ್ತಿರ ನಿಲ್ಲುತ್ತಿದ್ದ ಕಾರು

ಮಾವಾರೇ,

ಸೊಸೆಯ ಕೈಗೆ ನಟ್ಟು ಬಿಚ್ಚುವ ಪಾನಾ ಕೊಟ್ಟವರು ನೀವು. ಹೀಗಾಗಿ ಈ ಸುದ್ದಿ ಪೂರ್ತಿ ನಿಮಗೇ ಹೇಳಬೇಕು. ನಿಮ್ಮ ಮಗನಿಗೆ ಅರ್ಧ ಮಾತ್ರ ಹೇಳಿದ್ದೇನೆ.

ಮದುವೆಯಾಗಿ ಹುನಗುಂದಕ್ಕೆ ಬಂದ ಮೊದಲ ವರ್ಷ, ನಿಮಗೆ ಚಹಾ ಕೊಡಲು ಗ್ಯಾರೇಜಿಗೆ ಬಂದವಳು ಅಲ್ಲೇ ನಿಂತು ನೋಡುತ್ತಿದ್ದೆ. "ನೋಡೂದಾದ್ರ ಕೈ ಹೊಲಸ ಮಾಡ್ಕೊಂಡ ನೋಡು, ಯವ್ವಾ" ಅಂದು ಡೀಸೆಲ್ ಫಿಲ್ಟರ್ ಬಿಚ್ಚಲು ಹಚ್ಚಿದಿರಿ. ಓಣಿಯ ಮಂದಿ ಏನಂದಾರು ಎಂದು ಅತ್ತೆ ಹಣೆ ಹಣೆ ಬಡಿದುಕೊಂಡರು. ನೀವು ಕೇಳಿಸಿಕೊಂಡರೆ ತಾನೇ! ಮಂದಿಯ ಮಾತು ಕೇಳದ ಅದೇ ಕಿವಿ, ಇಂಜಿನ್ನಿನ ಸಣ್ಣ ಕೆಮ್ಮನ್ನು ಓಣಿಯ ಆ ತುದಿಯಿಂದಲೇ ಹಿಡಿಯುತ್ತಿತ್ತು.

ನೀವು ತೀರಿಹೋಗಿ ತಿಂಗಳು ತುಂಬುವುದರೊಳಗೆ ಗಿರಾಕಿಗಳು ಬೇರೆ ಕಡೆ ತಿರುಗಿದರು. ಹೆಣ್ಣುಮಗಳು ಡೀಸೆಲ್ ಗಾಡಿ ಏನು ರಿಪೇರಿ ಮಾಡಿಯಾಳು ಅಂತ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ನಿಮ್ಮ ಮಗ, "ಇದೊಂದ ತಿಂಗಳ ನೋಡೂಣು. ಆಮ್ಯಾಲ ಷಟರ್ ಎಳದು ಯಾರಿಗರ ಬಾಡಿಗಿ ಕೊಟ್ಬಿಡೂಣು" ಅಂದರು. ನಾನು ಎದ್ದು ಕೈ ತೊಳೆದು ಗ್ಯಾರೇಜಿಗೆ ಹೋದೆ.

ಅಂಥ ಹೊತ್ತಿನಲ್ಲಿ ಬಂದದ್ದು ಇಳಕಲ್ಲಿನ ಕಲ್ಲು ಕ್ವಾರಿಯ ಮ್ಯಾನೇಜರರ ಹಳೆಯ ಬಿಳಿ ಡೀಸೆಲ್ ಕಾರು. ನೆನಪಿದೆಯೇ? ಈಚೆಗೆ ಅದು ಬಾಗಲಕೋಟೆಗೆ ಹೊರಟರೆ ಅಮೀನಗಡದ ಹತ್ತಿರ ಜಗ್ಗಿ ಜಗ್ಗಿ ನಿಂತುಬಿಡುತ್ತಿತ್ತು. ಅರ್ಧ ತಾಸು ಬಿಟ್ಟರೆ ತಾನೇ ಚಾಲೂ. ಬೇರೆ ಮೆಕ್ಯಾನಿಕ್ ಒಬ್ಬ ಪಂಪನ್ನೇ ಬದಲಿಸಿ ಅಂದಿದ್ದನಂತೆ. ನಾನು ಫಿಲ್ಟರ್ ಹೊಸದು ಹಾಕಿ, ಪೈಪಿನ ಗಾಳಿ ತೆಗೆದು, ದೊಡ್ಡ ಶಾಣ್ಯಾಳಂತೆ ಕಳಿಸಿದೆ. ಮರುದಿನ ಮತ್ತೆ ಅದೇ ಅಮೀನಗಡ! ಫೋನಿನಲ್ಲಿ ಅವರು ಬೈದದ್ದನ್ನು ನಿಮಗೆ ಬರೆಯಲಾರೆ.

ನೀವಿದ್ದಿದ್ದರೆ... "ಮೊದಲ ಗಾಡಿ ಅಲ್ಲ, ಗಾಡಿ ಧಣೀನ್ನ ಬಿಚ್ಚು" ಅನ್ನುತ್ತಿದ್ದಿರಿ. ಚಹಾ ಕುಡಿಸಿ, ಅದೂ ಇದೂ ಮಾತಾಡಿ, ಗಾಡಿಯ ರೋಗವನ್ನು ಅವರ ಬಾಯಿಂದಲೇ ಹೊರಡಿಸುತ್ತಿದ್ದಿರಿ. ಅದನ್ನೇ ಮರೆತಿದ್ದೆನಲ್ಲ! ಮ್ಯಾನೇಜರರು ಮತ್ತೆ ಕಾರು ತಂದಾಗ ಅವರನ್ನು ಕೂಡಿಸಿ ಚಹಾ ಕೊಟ್ಟೆ.

"ಯಾವತ್ತರ ಅಮೀನಗಡ ದಾಟಿ ಹೋಗೇತೇನ್ರಿ?"

"ಹುಂ ಅಕ್ಕಾರ. ದಾರ್‍ಯಾಗ ಡೀಸೆಲ್ ಹಾಕಿಸಿದ ದಿನ ದಾಟತೈತಿ. ಮುಂದ ಹೋಗಿ ನಿಂದರತೈತಿ."

ಡೀಸೆಲ್ ಹಾಕಿಸುವಾಗ ಬಿಚ್ಚುವುದು ಏನನ್ನು? ಟಾಕಿಯ ಮುಚ್ಚಳವನ್ನು! ಡೀಸೆಲ್ ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕು, ಮುಚ್ಚಳದ ತೂತು ಬಂದಾದರೆ ಪಂಪು ಎಳೆದೂ ಎಳೆದೂ ಸೋಲುತ್ತದೆ ಎಂದು ನೀವೇ ಕಲಿಸಿದ್ದಿರಿ. ಅವರ ಜೊತೆಗೇ ಕಾರಿನಲ್ಲಿ ಹೊರಟೆ. ಅಮೀನಗಡದ ಹತ್ತಿರ ಜಗ್ಗತೊಡಗಿತು, ನಿಂತಿತು. ಇಳಿದು ಮುಚ್ಚಳ ತಿರುವಿದೆ. ಸುಸ್ಸೆಂದು ಗಾಳಿ ಎಳೆದುಕೊಂಡಿತು. ಕೀಲಿ ತಿರುವಿದ ಕೂಡಲೇ ಇಂಜಿನ್ ಚಾಲೂ.

ಮುಚ್ಚಳವನ್ನು ಬೋರಲು ಮಾಡಿ ನೋಡಿದೆ, ಮಾವಾರೇ. ಒಳಗೆ ಹಳೆಯ ಟ್ಯೂಬಿನಿಂದ ಕೊರೆದ ರಬ್ಬರಿನ ಬಿಲ್ಲೆ. ಅಂಚನ್ನು ಕಲ್ಲಿಗೆ ತಿಕ್ಕಿ ನುಣುಪು ಮಾಡಿತ್ತು. ಹಾಗೆ ಮಾಡುವವರು ಸುತ್ತ ಹತ್ತೂರಲ್ಲಿ ನೀವೊಬ್ಬರೇ. ನಾಲ್ಕು ತಿಂಗಳ ಹಿಂದೆ ಅವರು ಕಾರನ್ನು ಸರ್ವಿಸಿಗೆ ಬಿಟ್ಟುಹೋದಾಗ, ಕ್ವಾರಿಯ ಧೂಳು ಟಾಕಿಗೆ ಇಳಿಯಬಾರದೆಂದು ಹಾಕಿದ್ದಿರಿ. ನಡುವೆ ತೂತು ಹೊಡೆಯುವುದನ್ನು ಮರೆತಿದ್ದಿರಿ. ನನ್ನನ್ನು ಅತ್ತೆಯ ಹೆಸರಿನಿಂದ ಕರೆಯತೊಡಗಿದ್ದ ದಿನಗಳವು, ಗೊತ್ತು. ಆದರೂ ತಪ್ಪನ್ನು ಸಹ ಎಷ್ಟು ನೀಟಾಗಿ ಮಾಡಿದ್ದಿರಿ! ರಸ್ತೆಯ ಬದಿ ನಿಂತು ಅಳುತ್ತಲೇ ನಕ್ಕೆ. ಸೀರೆಯ ಪಿನ್ನು ತೆಗೆದು ಅದೇ ಬಿಲ್ಲೆಗೆ ತೂತು ಹೊಡೆದೆ.

"ಇದನ್ನ ಯಾರ ಹಾಕಿದ್ರಿ?" ಎಂದು ಅವರು ಕೇಳಿದರು.

"ನಾನ ಹಾಕೇನ್ರಿ. ತೂತ ಹೊಡಿಯೂದ ಮರ್ತಿದ್ದೆ."

ಮುಗಿಯಿತು, ಷಟರ್ ಬಿತ್ತು ಅಂದುಕೊಂಡೆ. ಅವರು ಮುಚ್ಚಳ ಇಸಿದುಕೊಂಡು ತಾವೇ ತಿರುವಿ ಹಾಕಿದರು. "ಕೆಡಿಸಿದವರೂ ನೀವ, ಹುಡುಕಿದವರೂ ನೀವ. ತಪ್ಪ ಒಪ್ಪಿಕೊಳ್ಳೂ ಮೆಕ್ಯಾನಿಕ್ ಎಲ್ಲಿ ಸಿಗ್ತಾರ್ರಿ? ಸೋಮವಾರ ಕ್ವಾರಿ ಜೀಪ್ ಎರಡೂ ಕಳಸ್ತೇನಿ" ಅಂದರು.

ಎರಡೂ ಜೀಪು ಬಂದವು. ಬಾಡಿಗೆಯ ಮಾತು ನಿಮ್ಮ ಮಗ ಮತ್ತೆ ಎತ್ತಿಲ್ಲ. ಗ್ಯಾರೇಜು ನಡೆಯುತ್ತಿದೆ, ನಾನು ನಡೆಸುತ್ತೇನೆ.

ಅವತ್ತು ನನ್ನನ್ನು ಗ್ಯಾರೇಜಿನ ಮುಂದೆ ಇಳಿಸಿ, ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಒಂದ ಮಾತ ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ ಅಕ್ಕಾರ. ನಿಮ್ಮ ಮಾವಾರ ಇದ್ದಿದ್ರ ಇಂಥಾ ತಪ್ಪ ಮಾಡ್ತಿದ್ದಿಲ್ಲ."

"ಖರೆ ಐತ್ರಿ" ಅಂದೆ. "ಅವ್ರ ಮಾಡ್ತಿದ್ದಿಲ್ಲ."