ಸಭಾಪಾಲಕರ ಹೆಂಡತಿಗೆ ಸಭಾಪಾಲಕರು ಯಾರು?

ನನ್ನ ಗಂಡನನ್ನು ಸೇವೆಗೆಂದು ಕರೆದುಕೊಂಡು ಹೋಗಿ ಇನ್ನೂ ಹಿಂದಿರುಗಿಸದಿರುವ ಮಾನ್ಯ ಬಿಷಪ್ ಅವರೇ,

ನನಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳುವುದಕ್ಕೆ ನನಗೆ ಬರುವುದಿಲ್ಲ, ಕೇಳುವುದಕ್ಕೆ ತಮಗೆ ಪುರುಸೊತ್ತಿರುವುದಿಲ್ಲ. ತಮ್ಮ ಆಡಳಿತಕ್ಕೆ ಸೇರಿದ ಒಂದು ಚರ್ಚಿನ ಸಭೆಯ ಮೇಲೆ, ಅದರ ಕಾಯಿಲೆಯವರು, ಗಾಯನ ತಂಡದವರು, ತೀರಿಕೊಂಡವರು ಸಮೇತವಾಗಿ, ಆ ಸಭೆಯ ಸಭಾಪಾಲಕರ ಹೆಂಡತಿಯಾದ ನನಗೆ ಹೊಟ್ಟೆ ಉರಿಯುತ್ತಿದೆ. ಮೊನ್ನೆ ತಾವು ಅವರಿಗೆ ಇನ್ನೂ ಎರಡು ಸಭೆಗಳನ್ನು ವಹಿಸಿಕೊಟ್ಟಿರಿ. ವೇದಿಕೆಯ ಮೇಲೆ ನಿಂತು ಅವರ ಸೇವಾ ಮನೋಭಾವವನ್ನು ಬಾಯ್ತುಂಬ ಕೊಂಡಾಡಿದಿರಿ. ಮೊದಲ ಬೆಂಚಿನಲ್ಲಿ ಕುಳಿತಿದ್ದ ನಾನೂ ಎಲ್ಲರೊಂದಿಗೆ ಚಪ್ಪಾಳೆ ತಟ್ಟಿದೆ. ಆ ಚಪ್ಪಾಳೆಯನ್ನು ವಾಪಸು ತೆಗೆದುಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಮನೆಯ ಮಾತನ್ನು ಹೀಗೆ ಬೀದಿಗೆ ತರಬೇಕೇ ಎಂದು ತಾವು ಕೇಳಬಹುದು. ಮೊದಲು ತಮ್ಮ ಕಚೇರಿಗೇ ಬಂದಿದ್ದೆ. ತಮ್ಮ ಕಾರ್ಯದರ್ಶಿಗಳು ಬಹಳ ಮರ್ಯಾದಸ್ಥರು, ಕುರ್ಚಿ ಹಾಕಿಸಿ ನೀರು ತರಿಸಿದರು. "ಅಮ್ಮಾ, ಸಭಾಪಾಲಕರ ಕುಟುಂಬದ್ದು ಏನೇ ವಿಷಯ ಇದ್ರೂ ಸಭಾಪಾಲಕರ ಮೂಲಕಾನೇ ಬರ್ಬೇಕು" ಎಂದರು. "ದೂರು ಅವರ ಮೇಲೇ ಇದ್ರೆ?" ಎಂದೆ. "ಅದನ್ನೂ ಅವರ ಮೂಲಕಾನೇ ಕಳ್ಸಿ, ನೋಡೋಣ" ಎಂದರು. ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆಯನ್ನು ಕಟ್ಟಿದ್ದಕ್ಕೆ ತಮ್ಮನ್ನು ಅಭಿನಂದಿಸಬೇಕು. ಹಾಗಾಗಿ ಪತ್ರಿಕೆಯವರ ಕೈಕಾಲು ಹಿಡಿದು ಈ ಜಾಗ ಪಡೆದಿದ್ದೇನೆ. ಇದನ್ನು ನಮ್ಮವರೂ ಓದಲಿ, ನನಗೇನೂ ಅಭ್ಯಂತರವಿಲ್ಲ.

ತಮಗೆ ನೆನಪಿದೆಯೋ ಇಲ್ಲವೋ, ನಿಲುವಂಗಿ ತೊಡುವ ಮೊದಲು ನಮ್ಮವರು ಸೋಫಾ ರಿಪೇರಿಯವರು. ನಾನೂ ಅಷ್ಟೆ. ಹಳೆಯ ಸೋಫಾಕ್ಕೆ ಹೊಸ ಬಟ್ಟೆ ಹೊದಿಸುವ ಕೆಲಸ ಒಬ್ಬರಿಂದ ಸರಿಯಾಗಿ ಆಗುವುದಿಲ್ಲ. ಒಬ್ಬರು ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿಯಬೇಕು, ಇನ್ನೊಬ್ಬರು ಮೊಳೆ ಹೊಡೆಯಬೇಕು. ಎಳೆದವರು ಒಂದು ಚೂರು ಸಡಿಲ ಬಿಟ್ಟರೂ ಮುಂದೆ ಕೂತವರ ಕೆಳಗೆ ಬಟ್ಟೆ ಸುಕ್ಕಾಗುತ್ತದೆ. ನಮ್ಮ ಅಂಗಡಿಯಲ್ಲಿ ಎಳೆಯುವುದು ಅವರು, ಹೊಡೆಯುವುದು ನಾನು. ಮದುವೆಯ ಹೊಸತರಲ್ಲಿ ಅವರ ಹೆಬ್ಬೆರಳಿನ ಮೇಲೆ ಸುತ್ತಿಗೆ ಬಿದ್ದದ್ದೂ ಉಂಟು, ಪ್ರತಿ ಸಲವೂ ಕೈತಪ್ಪಿ ಬಿದ್ದದ್ದಲ್ಲ. ಹೀಗೆ ಬೆಳಗಿನಿಂದ ಸಂಜೆಯವರೆಗೆ ಒಂದು ಸೋಫಾದ ಆಚೆ ಈಚೆ ಎದುರುಬದುರು ನಿಂತು ನಾವಿಬ್ಬರೂ ನಡುವಯಸ್ಸಿಗೆ ಬಂದೆವು.

ಅಲ್ಲಿಗೆ ಬರುತ್ತಿದ್ದ ಗಿರಾಕಿಗಳು ಸೋಫಾ ಇಳಿಸಿ ಹೋಗಿಬಿಡುತ್ತಿರಲಿಲ್ಲ. ಒಬ್ಬ ಡ್ರೈವರ್ ತನ್ನ ತೀರಿಹೋದ ಅಪ್ಪನ ಕುರ್ಚಿ ತಂದಿದ್ದ. "ಬಟ್ಟೆ ಹೊಸದು ಹಾಕಿ, ಆದ್ರೆ ಅಪ್ಪ ಕೂತು ಕೂತು ಆಗಿರೋ ಗುಂಡಿ ಹಾಗೇ ಇರ್ಲಿ" ಎಂದು ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟ. ನಮ್ಮವರು ಬಟ್ಟೆ ಬಿಟ್ಟು ಅವನ ಪಕ್ಕದಲ್ಲಿ ಹೋಗಿ ಕುಳಿತರು. ನಾನು ಬಾಯಲ್ಲಿ ಮೊಳೆ ಕಚ್ಚಿಕೊಂಡು ಸುತ್ತಿಗೆ ಕೆಳಗಿಟ್ಟೆ. ಆಮೇಲೆ ಆ ಗುಂಡಿ ಹಾಳಾಗದಂತೆ ಸುತ್ತಲೂ ಫೋಮ್ ಕತ್ತರಿಸಿ ಕೂರಿಸಿದ್ದು ನಾನೇ. ಅದು ದೇವರ ಕೆಲಸವಲ್ಲವೆಂದು ಯಾರಾದರೂ ದೇವಶಾಸ್ತ್ರ ಓದಿದವರು ನನಗೆ ತಿಳಿಸಿ ಹೇಳಲಿ.

ಒಮ್ಮೆ ನಮ್ಮ ಚರ್ಚಿನಲ್ಲಿ ಪ್ರಾರ್ಥನೆಗೆ ಮೊಣಕಾಲೂರುವ ಮೆತ್ತೆಗಳೆಲ್ಲ ರಿಪೇರಿಗೆ ಬಂದವು. ಬೆಂಚಿನ ಸಾಲುಗಳ ಪ್ರಕಾರ ಜೋಡಿಸಿ ನೋಡಿದರೆ, ಆಡಳಿತ ಸಮಿತಿಯವರು ಕೂರುವ ಮುಂದಿನ ಸಾಲಿನ ಮೆತ್ತೆಗಳು ಮದುವೆಗೆ ಹೊರಟಂತೆ ಹೊಚ್ಚಹೊಸದಾಗಿದ್ದವು. ಕೊನೆಯ ಸಾಲಿನವು ಸವೆದು, ನೂಲು ಬಿಟ್ಟು, ಒಳಗಿನ ಹತ್ತಿ ಹೊರಗೆ ಬಂದಿತ್ತು.

"ನೋಡೇ, ಮೊಣಕಾಲೂರೋರೆಲ್ಲ ಹಿಂದೆ ಇದಾರೆ" ಎಂದರು ಇವರು.

"ಹೂಂ ರೀ. ಅವರನ್ನ ಮಾತಾಡ್ಸೋರು ಯಾರೂ ಇಲ್ಲ."

"ನಾವಿಬ್ರೂ ಹೋಗೋಣ್ವಾ?"

ಇಷ್ಟೇ. ಆಕಾಶದಿಂದ ಧ್ವನಿ ಬರಲಿಲ್ಲ, ಬೆಳಕು ಕಾಣಲಿಲ್ಲ. ಅದುವರೆಗೆ ಚರ್ಚೆಂದರೆ ನಮಗೆ ಮೈಕಿನ ಜಗಳ, ಸಮಿತಿಯ ಚುನಾವಣೆ, ಯಾರ ಮಗಳು ಯಾವ ಬೆಂಚಿನಲ್ಲಿ ಕೂತಳೆಂಬ ಮುನಿಸು, ಇಷ್ಟೇ ಆಗಿತ್ತು. ಆ ಸಂಜೆ ಮೆತ್ತೆಗಳ ರಾಶಿಯ ನಡುವೆ ಕುಳಿತು, ಚರ್ಚೆಂದರೆ ಬೇರೇನೋ ಇರಬಹುದೆಂದು ಇಬ್ಬರೂ ಯೋಚಿಸಿದೆವು. ಒಂಟಿಯಾಗಿರುವವರ ಮನೆಗೆ ಹೋಗಿ ಕೂರುವುದು, ಅವರ ಮಾತು ಕೇಳುವುದು. ಅಂಗಡಿಯಲ್ಲಿ ಮಾಡುತ್ತಿದ್ದುದನ್ನೇ ಅಂಗಡಿಯ ಹೊರಗೆ ಮಾಡುವುದು. ಆ ವಯಸ್ಸಿನಲ್ಲಿ ನನ್ನ ಮೈಯಲ್ಲಿ ಅಂಥ ಹುರುಪು ಬಂದದ್ದು ನನಗೇ ಆಶ್ಚರ್ಯ.

ಆಮೇಲೆ ತಾವು ಬಂದಿರಿ. ದೇವರ ಸೇವೆಗೆ ತಡವಾಗಿ ಕರೆ ಪಡೆದವರಿಗೆಂದು ತಮ್ಮಲ್ಲಿ ತರಬೇತಿ ಇದೆ ಎಂದಿರಿ. ತಮ್ಮ ಆಯ್ಕೆ ಮಂಡಳಿಯವರು ಇವರನ್ನು ಮಧ್ಯಾಹ್ನವಿಡೀ ಪ್ರಶ್ನಿಸಿ, ಕೊನೆಗೆ ನನ್ನನ್ನೂ ಒಳಗೆ ಕರೆದರು. ನನ್ನನ್ನೂ ಕೇಳುತ್ತಾರೆ, ಕರೆ ನನಗೂ ಬಂದದ್ದಲ್ಲವೇ ಎಂದು ಸೆರಗು ಸರಿಮಾಡಿಕೊಂಡು ಹೋದೆ. "ಕೀಬೋರ್ಡ್ ನುಡಿಸ್ತೀರಾ?" ಎಂದರು. ಇಲ್ಲ ಎಂದೆ. "ಹಾಡ್ತೀರಾ?" ಎಂದರು. "ಇಲ್ಲ, ಮೊಳೆ ಹೊಡೀತೀನಿ" ಎಂದೆ. ಎಲ್ಲರೂ ನಕ್ಕರು. ನಾನು ತಮಾಷೆ ಮಾಡಿರಲಿಲ್ಲ. ಅಲ್ಲಿಗೆ ನನ್ನ ಸಂದರ್ಶನ ಮುಗಿಯಿತು. ಕರೆ ಬಂದದ್ದು ಇಬ್ಬರಿಗೆ, ತಾವು ಕೊಟ್ಟದ್ದು ಒಂದು ನಿಲುವಂಗಿ. ಅದನ್ನೂ ಹೊಲಿದವಳು ನಾನೇ, ಭುಜದ ಅಳತೆ ಒಂದು ಎಳೆಯೂ ಆಚೀಚೆಯಾಗದಂತೆ. ಅಂಗಡಿಯ ಬಾಗಿಲು ಮುಚ್ಚಿತು, ಸುತ್ತಿಗೆ ಅಟ್ಟ ಸೇರಿತು, ನನಗೆ ಮೊದಲ ಬೆಂಚಿನಲ್ಲಿ ಒಂದು ಜಾಗ ಸಿಕ್ಕಿತು.

ಅವರು ಒಳ್ಳೆಯ ಸಭಾಪಾಲಕರು. ನನ್ನ ಸಂಕಟವೆಲ್ಲ ಅಲ್ಲೇ ಇದೆ. ಕೆಟ್ಟವರಾಗಿದ್ದರೆ ಇಷ್ಟು ಹೊತ್ತಿಗೆ ತಾವೇ ಮನೆಗೆ ಕಳಿಸುತ್ತಿದ್ದಿರಿ. ನಮ್ಮ ಸಭೆಯಲ್ಲಿ ಗಿಳಿ ಸಾಕಿಕೊಂಡಿರುವ ಒಬ್ಬ ಅಜ್ಜಿ ಇದ್ದಾರೆ. ಗಿಳಿ ಅಜ್ಜಿ ಎಂದೇ ಎಲ್ಲರೂ ಕರೆಯುವುದು. ಅವರ ಮನೆಯಲ್ಲಿ ಇವರು ಗಂಟೆಗಟ್ಟಲೆ ಕೂರುತ್ತಾರೆ. ಅಜ್ಜಿ ಹೇಳಿದ್ದನ್ನೇ ಹೇಳುತ್ತಾರೆ, ಇವರು ಮೊದಲ ಸಲ ಕೇಳಿದವರಂತೆ ಕೇಳುತ್ತಾರೆ. ಈಗಂತೂ ಆ ಗಿಳಿಯೇ ಇವರ ಧ್ವನಿಯಲ್ಲಿ "ಹೌದಾ? ಆಮೇಲೇನಾಯ್ತು?" ಎನ್ನುತ್ತದೆಯಂತೆ. ಅಜ್ಜಿಯೇ ನನ್ನನ್ನು ನಿಲ್ಲಿಸಿಕೊಂಡು ಹೆಮ್ಮೆಯಿಂದ ಹೇಳಿದರು. ಆ ಪ್ರಶ್ನೆ ನಮ್ಮ ಮನೆಯಲ್ಲಿ ನನ್ನ ಕಿವಿಗೆ ಬಿದ್ದು ಎಷ್ಟು ಕಾಲವಾಯಿತೋ! ಮನೆಗೆ ಬರುವ ಹೊತ್ತಿಗೆ ಇವರ ಕಿವಿ ತುಂಬಿ ಹೋಗಿರುತ್ತದೆ. ನಾನು ಏನು ಹೇಳಿದರೂ "ಹೂಂ". ಒಂದು ದಿನ ಪರೀಕ್ಷೆ ಮಾಡೋಣವೆಂದು, "ರೀ, ಅಡುಗೆಮನೆಗೆ ಬೆಂಕಿ ಬಿದ್ದಿದೆ" ಎಂದೆ. "ಹೂಂ, ಒಳ್ಳೇದಾಯ್ತು" ಎಂದರು.

ಇನ್ನೊಬ್ಬ ಹೆಂಗಸಿನ ಮೇಲೆ ಹೊಟ್ಟೆಕಿಚ್ಚಾಗಿದ್ದರೆ ಎಷ್ಟು ಸುಲಭವಿತ್ತು! ಜುಟ್ಟು ಹಿಡಿದು ನಾಲ್ಕು ಜನರ ಮುಂದೆ ಜಾಡಿಸಬಹುದಿತ್ತು, ಊರೆಲ್ಲ ನನ್ನ ಪರ ನಿಲ್ಲುತ್ತಿತ್ತು. ತಾವು ನನ್ನ ಮೇಲೆ ತಂದು ಕೂರಿಸಿದ ಸವತಿಗೆ ಜುಟ್ಟೇ ಇಲ್ಲ. ಸಭೆಯು ಕ್ರಿಸ್ತನ ಮದಲಗಿತ್ತಿ ಎಂದು ತಾವೇ ಬೋಧಿಸುತ್ತೀರಿ. ಒಳ್ಳೆಯದು, ನಾನೂ ನಂಬುತ್ತೇನೆ. ಅಂಥ ವರ ಸಿಕ್ಕಿರುವವಳಿಗೆ ನನ್ನ ಗಂಡ ಯಾಕೆ ಬೇಕು? ನಮ್ಮ ಮಗಳಿಗೆ ಫೋನಿನಲ್ಲಿ ಇದನ್ನೇ ಹೇಳಿಕೊಂಡರೆ ಅವಳು, "ಅಮ್ಮಾ, ದೇವರ ಜೊತೆ ಪೈಪೋಟಿಗೆ ಇಳಿದ್ಯಾ? ಸ್ವಲ್ಪ ನಾಚ್ಕೆ ಇರ್ಲಿ" ಎಂದು ನಕ್ಕಳು. ದೇವರ ಜೊತೆ ನನಗೆ ಜಗಳವಿಲ್ಲ ಬಿಷಪ್ ಅವರೇ. ಅವನು ನನ್ನ ಗಂಡನಿಗೆ ಊಟದ ಹೊತ್ತಿನಲ್ಲಿ ಫೋನ್ ಮಾಡುವುದಿಲ್ಲ.

ಈಗ ಆಸ್ಪತ್ರೆಯ ವಿಷಯಕ್ಕೆ ಬರುತ್ತೇನೆ. ಪಿತ್ತಕೋಶದಲ್ಲಿ ಕಲ್ಲಾಗಿ ನನಗೆ ಆಪರೇಷನ್ ಆಯಿತು. ಬೆಳಿಗ್ಗೆ ಇವರು ಜೊತೆಗಿದ್ದರು. ಅಷ್ಟರಲ್ಲಿ ಯಾರದೋ ಶವಸಂಸ್ಕಾರಕ್ಕೆ ಕರೆ ಬಂತು, ಹೋದರು. ಅವರು ಅತ್ತ ಹೋದ ಮೇಲೆ ನರ್ಸಮ್ಮ ನನ್ನನ್ನು ಮೇಲಿನ ಮಹಡಿಯಿಂದ ಕೆಳಗಿನ ದೊಡ್ಡ ವಾರ್ಡಿಗೆ ಸಾಗಿಸಿ, ಕಿಟಕಿಯ ಪಕ್ಕದ ಕೊನೆಯ ಹಾಸಿಗೆಯಲ್ಲಿ ಮಲಗಿಸಿದರು. ಅದು ಇವರು ವಾರವಾರವೂ ಪ್ರಾರ್ಥನೆಗೆ ಬರುವ ವಾರ್ಡು. ಸಂಜೆಯ ಹೊತ್ತಿಗೆ ಬಂದರು. ಶವಸಂಸ್ಕಾರದಿಂದ ನೇರ ಬಂದಿದ್ದರು, ಬೂಟಿಗೆ ಮಣ್ಣು ಹತ್ತಿತ್ತು. ಇಲ್ಲಿ ಮುಗಿಸಿಕೊಂಡು ಮೇಲೆ ನನ್ನ ಬಳಿ ಬರುವುದೆಂದು ಅವರ ಲೆಕ್ಕಾಚಾರ.

ಬಾಗಿಲ ಬಳಿಯ ಹಾಸಿಗೆಯಿಂದ ಶುರು ಮಾಡಿದರು. ಹಣೆಯ ಮೇಲೆ ಕೈಯಿಡುವುದು, ಕಣ್ಣು ಮುಚ್ಚುವುದು, ಮೆಲ್ಲಗೆ ಪ್ರಾರ್ಥಿಸುವುದು. ಒಬ್ಬೊಬ್ಬರ ಬಳಿಯೂ ಎಷ್ಟು ಹೊತ್ತು! ನಾನು ಗಂಟಲವರೆಗೆ ಕಂಬಳಿ ಎಳೆದುಕೊಂಡು, ಕೂಗದೆ, ಹೊಟ್ಟೆ ಉರಿಸಿಕೊಳ್ಳುತ್ತಾ ನೋಡುತ್ತಿದ್ದೆ. ಹೊಲಿಗೆಯ ನೋವೋ ಇದೋ ನನಗೇ ತಿಳಿಯಲಿಲ್ಲ. ನನ್ನ ಹಾಸಿಗೆಯ ಹತ್ತಿರ ಬರುವಷ್ಟರಲ್ಲಿ ದಣಿದು ಅವರ ಕಣ್ಣುಗಳು ಅರ್ಧ ಮುಚ್ಚಿಯೇ ಇದ್ದವು. ನನ್ನ ಹಣೆಯ ಮೇಲೆ ಕೈಯಿಟ್ಟರು.

"ಕರ್ತನೇ, ನಿನ್ನ ಈ ಮಗಳನ್ನು ಮುಟ್ಟು. ಈಕೆ ಯಾರಿಗೂ ಹೇಳಿಕೊಳ್ಳದ ನೋವು ನಿನಗೆ ಗೊತ್ತು. ಈಕೆಯ ಗಂಡನಿಗೆ ಒಳ್ಳೆಯ ಮನಸ್ಸು ಕೊಡು. ಆತ ಈಕೆಯ ಪಕ್ಕದಲ್ಲೇ ಇರುವ ಹಾಗೆ ಮಾಡು."

ಇಡೀ ವಾರ್ಡು ಆಮೆನ್ ಎಂದಿತು. ನಾನೂ ಎಂದೆ. ಎನ್ನದೆ ಇರಲಾಗಲಿಲ್ಲ, ಅಷ್ಟು ಚೆಂದದ ಪ್ರಾರ್ಥನೆ. ಅಂಥ ಮೃದುವಾದ ದನಿಯಲ್ಲಿ ಅವರು ನನ್ನ ಬಗ್ಗೆ ಮಾತಾಡಿ ವರ್ಷಗಳೇ ಆಗಿದ್ದವು. ನಂಬುತ್ತೀರೋ ಇಲ್ಲವೋ, ಆ ಹಾಸಿಗೆಯ ಮೇಲೆ ಮಲಗಿದ್ದ ಗುರುತುಪರಿಚಯವಿಲ್ಲದ ಹೆಂಗಸಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಅವಳು ನಾನೇ ಆಗಿದ್ದೆ.

"ಮತ್ತೆ ಯಾವಾಗ ಬರ್ತೀರಾ ಅಯ್ಯನವರೇ?" ಎಂದೆ.

ಕಣ್ಣು ಬಿಟ್ಟರು. "ಅಯ್ಯೋ, ನೀನಾ! ನೀನು ಮೇಲಿದ್ಯಲ್ಲೇ!" ಎಂದರು. ಸ್ಟೂಲು ಎಳೆದುಕೊಂಡು ಕುಸಿದು ಕುಳಿತರು. "ನನಗೆ ಏನಾಗಿದೆ ಕಣೇ? ನಿನ್ನ ಹಣೆ ನನಗೆ ಗೊತ್ತಾಗ್ಲಿಲ್ವಲ್ಲ" ಎಂದು ನನ್ನ ಕೈ ಹಿಡಿದುಕೊಂಡು ಅತ್ತರು. ಅಕ್ಕಪಕ್ಕದ ಹಾಸಿಗೆಯವರೆಲ್ಲ ಮೂಗಿನ ಮೇಲೆ ಬೆರಳಿಟ್ಟುಕೊಂಡು ನೋಡಿದರು. ನನಗೆ ನಗುವೂ ಬಂತು, ನಕ್ಕರೆ ಹೊಲಿಗೆ ಎಳೆಯುತ್ತಿತ್ತು. ಬಹಳ ದಿನಗಳ ಮೇಲೆ ಅವರು ನನ್ನ ಮುಖ ನೋಡಿ, "ಹೇಳು, ತುಂಬಾ ನೋವಿದ್ಯಾ?" ಎಂದು ಕೇಳಿದರು. ನಾನು ಹೇಳಲು ಬಾಯಿ ತೆರೆದೆ. ಆಗ ಅವರ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ತಮ್ಮ ಕಚೇರಿಯಿಂದ. ಎರಡು ಹೊಸ ಸಭೆಗಳ ಬಗ್ಗೆ ಕೂಡಲೇ ಮಾತಾಡಬೇಕಿತ್ತಂತೆ. "ಒಂದ್ನಿಮಿಷ ಕಣೇ" ಎಂದು ಎದ್ದು ವರಾಂಡಕ್ಕೆ ಹೋದರು. ಪಕ್ಕದ ಹಾಸಿಗೆಯವರ ನೆಂಟರು ಬಂದು, ಖಾಲಿಯಿದೆಯಲ್ಲಾ ಎಂದು ಆ ಸ್ಟೂಲು ತೆಗೆದುಕೊಂಡು ಹೋದರು.

ಅವರ ಮೇಲೆ ನಾನು ದೂರು ಹೇಳುತ್ತಿಲ್ಲ. ಆ ಕಣ್ಣೀರು ಸುಳ್ಳಲ್ಲವೆಂದು ನನಗೆ ಗೊತ್ತು. ನನ್ನ ದೂರು ತಮ್ಮ ಮೇಲೆ. ಸಭೆಯ ಪ್ರತಿಯೊಬ್ಬರಿಗೂ ಒಬ್ಬ ಸಭಾಪಾಲಕರಿದ್ದಾರೆ. ಸಭಾಪಾಲಕರಿಗೆ ತಾವಿದ್ದೀರಿ. ತಮಗೆ ಮೇಲಿನವನಿದ್ದಾನೆ. ನಾನು ಯಾರ ಪಾಲಿಗೆ ಸೇರಿದವಳು? ನನ್ನ ಮನಸ್ಸು ಕೆಟ್ಟ ದಿನ ನಾನು ಯಾರ ಮನೆಯ ಬಾಗಿಲು ತಟ್ಟಬೇಕು? ಪಕ್ಕದ ಸಭೆಯ ಅಯ್ಯನವರ ಬಳಿ ಹೋಗಿ ಅತ್ತರೆ ಮರುದಿನವೇ ಅದು ಉಪ್ಪುಖಾರ ಹಚ್ಚಿಕೊಂಡು ಎಲ್ಲರ ಬಾಯಿಗೆ ಬೀಳುತ್ತದೆ. ಕೊನೆಯ ಸಾಲಿನವರನ್ನು ಹುಡುಕಿಕೊಂಡು ಹೊರಟ ನಮ್ಮಲ್ಲಿ ಒಬ್ಬಳನ್ನು ಮೊದಲ ಸಾಲಿನಲ್ಲಿ ಕೂರಿಸಿ ಮರೆತುಬಿಟ್ಟಿದ್ದೀರಿ.

ಆದ್ದರಿಂದ ನನ್ನ ಬೇಡಿಕೆ: ಅವರು ವಾರಕ್ಕೊಂದು ಸಂಜೆ ನಮ್ಮ ಮನೆಗೇ ಸಭಾಪಾಲಕರಾಗಿ ಭೇಟಿಗೆ ಬರಬೇಕು. ಮುಂಬಾಗಿಲಿನಿಂದ ಬಂದು, ಬೆಲ್ ಒತ್ತಿ, ನಾನು ತೋರಿಸಿದ ಕುರ್ಚಿಯಲ್ಲಿ ಕುಳಿತು, ನನ್ನ ಮಾತು ಮುಗಿಯುವವರೆಗೆ ಏಳಬಾರದು. ಹಾಗೆಂದು ತಾವು ಅವರಿಗೆ ಆದೇಶಿಸಬೇಕು.

ಇಷ್ಟು ಬರೆದು ಒಮ್ಮೆ ಓದಿಕೊಂಡೆ. ಓದಿ ಹೆದರಿದೆ. ತಾವು ಆದೇಶಿಸಿದರೆ ಅವರು ಬಂದೇ ಬರುತ್ತಾರೆ, ತಮ್ಮ ಮಾತನ್ನು ಅವರು ಎಂದೂ ತೆಗೆದುಹಾಕಿದವರಲ್ಲ. ನನ್ನ ಎದುರು ಕುಳಿತು "ಹೌದಾ? ಆಮೇಲೇನಾಯ್ತು?" ಎಂದೂ ಕೇಳುತ್ತಾರೆ. ಬಂದದ್ದು ನನಗಾಗಿಯೋ ತಮ್ಮ ಆದೇಶಕ್ಕಾಗಿಯೋ ಎಂದು ನಾನು ಸಾಯುವವರೆಗೂ ಒಳಗೊಳಗೇ ಬೇಯಬೇಕು. ಈಗಿರುವ ಹೊಟ್ಟೆಕಿಚ್ಚೇ ಸಾಕು, ತಮ್ಮ ಮೇಲೂ ಒಂದು ಬೇಡ.

ಹಾಗಾಗಿ ಬೇಡಿಕೆಯನ್ನು ತಿದ್ದುತ್ತೇನೆ. ವಾರದಲ್ಲಿ ಒಂದು ಸಂಜೆ ಅವರನ್ನು ಯಾರೂ ಕರೆಯಬಾರದು. ತಮ್ಮ ಕಚೇರಿ, ಸಮಿತಿ, ಮೂರು ಸಭೆಗಳು, ಯಾರೂ. ಅವರನ್ನು ಎಲ್ಲಿಗೂ ಕಳಿಸಬೇಡಿ. ನನ್ನ ಬಳಿಗೂ ಕಳಿಸಬೇಡಿ. ಹೋಗು ಎನ್ನುವವರು ಯಾರೂ ಇಲ್ಲದಾಗ ಅವರ ಕಾಲು ಯಾವ ದಾರಿ ಹಿಡಿಯುತ್ತದೆಂದು ನಾನು ತಿಳಿಯಬೇಕು. ಗಿಳಿ ಅಜ್ಜಿಯ ಮನೆಯ ಕಡೆಗೆ ಹೋದರೆ, ಹೋಗಲಿ, ಆಮೇಲೆ ಅವರಿಗೆ ತಾವು ಎಷ್ಟು ಸಭೆಗಳನ್ನು ಕೊಟ್ಟರೂ ನಾನು ತುಟಿ ಪಿಟಕ್ಕೆನ್ನುವುದಿಲ್ಲ. ಆ ಸಂಜೆ ನಾನು ಮನೆಯಲ್ಲೇ ಇರುತ್ತೇನೆ. ಕರೆಯುವುದಿಲ್ಲ.

ಇಂತಿ,
ಯಾವ ಸಭಾಪಾಲಕರ ಪಾಲಿಗೂ ಬಾರದ
ಒಬ್ಬ ಸಭಾಪಾಲಕರ ಹೆಂಡತಿ