ಪೂರ್ವ ಸೊಂಟ, ಪಶ್ಚಿಮ ಸೊಂಟ

ಫೆಬ್ರವರಿ 8, ಭಾನುವಾರ. ಚರ್ಚಿನಿಂದ ಬಂದ ಮೇಲೆ

ಸೂಜಿ ಸಮಾರಂಭ ಸಾಂಗವಾಗಿ ನೆರವೇರಿತು. ಅಧ್ಯಕ್ಷತೆ ಅತ್ತೆಯದು. ಪ್ರಾರ್ಥನೆ ಅತ್ತೆಯದು. ಕಿರುಚಾಟವೂ ಅತ್ತೆಯದೇ — ಸೂಜಿ ಹೊಟ್ಟೆಗೆ ತಾಗುವ ಮೊದಲೇ. ವಂದನಾರ್ಪಣೆ ನನ್ನದು. ಸೂಜಿಯ ಪೆನ್ನು ಮತ್ತೆ ಫ್ರಿಜ್ಜಿಗೆ, ಮಾರ್ಗರೀನ್ ಡಬ್ಬಿಯೊಳಗೆ. ಆಮೇಲೆ ಬಾಗಿಲ ಚಿಲಕ ತೆಗೆದೆವು.

"ಯಾರ ಹತ್ರ ಆದ್ರೂ ಬಾಯಿ ಬಿಟ್ಟೆ ಅಂದ್ರೆ ನೋಡು ನನ್ನೋಜಿ, ನಿನ್ನ ಮದುವೆಗೆ ಬರಲ್ಲ."

"ವರನೇ ಬರೋ ಹಾಗೆ ಕಾಣ್ತಿಲ್ಲ ಅತ್ತೆ. ನೀನೂ ಬರದಿದ್ರೆ ಊಟನಾದ್ರೂ ಉಳಿಯುತ್ತೆ."

ಮೊರ ಬೀಸಿದಳು. ತಪ್ಪಿಸಿಕೊಂಡೆ.

ಅತ್ತೆಗೆ ಶುಗರ್. ಮಾತ್ರೆ ಹಳೆಯದು. ವಾರಕ್ಕೊಂದು ಸೂಜಿ ಸೇರಿದ್ದು ಕ್ರಿಸ್ಮಸ್ ಕಳೆದ ಮೇಲೆ, ಕಾಲಿನ ಗಾಯ ಒಣಗದೆ ಹೋದಾಗ. "ಹೀಗೇ ಬಿಟ್ರೆ ಒಂದೇ ಕಾಲಲ್ಲಿ ಕುಣಿಯೋದು ಕಲೀಬೇಕಾಗುತ್ತೆ" ಎಂದು ಡಾಕ್ಟರ್ ಅಪಿಯೊ ಹೆದರಿಸಿದ್ದರು. ಗಾಯ ಈಗ ಒಣಗಿದೆ. ಆದರೆ ಸೂಜಿಗೆ ಹಸಿವು ಸತ್ತು ಅತ್ತೆಯೂ ಒಣಗುತ್ತಿದ್ದಾಳೆ. ಅದೇ ತೊಂದರೆ. ಡೋಲು ಬಾರಿಸುವ ಸೆಬೋವಾನ ಕುಣಿತದ ಮೇಳದ ಮುಂದಿನ ಸಾಲಿನಲ್ಲಿ ನಟ್ಟನಡುವೆ ಕುಣಿಯುವವಳು ಅವಳು, ಮತ್ತು ಆ ಜಾಗ ಸಿಕ್ಕಿದ್ದು ಸೊಂಟಕ್ಕೆ. ನಮ್ಮ ಮಸಾಕಾ ಊರಲ್ಲಿ ಅಂಥ ಸೊಂಟ ಇನ್ನೊಂದಿರಲಿಲ್ಲ. ಏಪ್ರಿಲ್ ಕೊನೆಗೆ ಸ್ಪರ್ಧೆ.

ನಾನು ಅದೇ ಮೇಳದಲ್ಲಿ ಸೋರೆಬುರುಡೆಯ ಗಿಲಕಿ ಆಡಿಸುವವಳು. ದೇವರು ಸೊಂಟ ಹಂಚಿದ ದಿನ ರಜೆ ಹಾಕಿದ್ದೆ.

ಫೆಬ್ರವರಿ 19, ಗುರುವಾರ

ಕುಣಿಯುವಾಗ ಸೊಂಟಕ್ಕೆ ಕಟ್ಟುವ ಮೇಕೆಚರ್ಮದ ದಾರ ಅತ್ತೆಗೆ ಎರಡು ಸುತ್ತು ಬಂತು. ಮೊದಲು ಒಂದು ಸುತ್ತಿಗೇ ಉಸಿರುಗಟ್ಟುತ್ತಿತ್ತು.

ರಸ್ತೆಯಲ್ಲಿ ಹಿಂದೆಲ್ಲ "ನಾಲೊಂಗೊ, ಎಷ್ಟು ದಪ್ಪ ಆಗಿದೀಯಮ್ಮ!" ಎಂದು ಹೊಗಳುತ್ತಿದ್ದರು. ಅವಳಿ ಹೆತ್ತವಳಾದ್ದರಿಂದ ಊರಿಗೆಲ್ಲ ಅವಳು ನಾಲೊಂಗೊ. ಈಗ ಹತ್ತಿರ ಬಂದು ಕೈ ಹಿಡಿದುಕೊಂಡು ಸುಮ್ಮನೆ ನಿಲ್ಲುತ್ತಾರೆ. ಸಾವಿನ ಮನೆಯಲ್ಲಿ ನಿಂತ ಹಾಗೆ.

ಈ ದಿನಚರಿಯ ನಿಘಂಟು ವಿಭಾಗದಿಂದ — ಸಿಲಿಮು: ನಾಮಪದ. ಇಂಗ್ಲಿಷರ ಸ್ಲಿಮ್ ನಮ್ಮೂರಿಗೆ ಬಂದು ಬಾಲ ಬೆಳೆಸಿಕೊಂಡ ರೂಪ. ಅಲ್ಲಿ ಹೊಗಳಿಕೆ, ಇಲ್ಲಿ ಏಡ್ಸ್. ಪ್ರಯೋಗ: ನೀರಿನ ನಲ್ಲಿಯ ಬಳಿ ಮೂವರು ಹೆಂಗಸರು, ನಾನು ಹೋದೊಡನೆ ಮೌನ.

ಶುಗರ್ ಎಂದು ಹೇಳಿಬಿಡು ಎಂದೆ. ಅತ್ತೆ ಒಪ್ಪಲಿಲ್ಲ. "ಬೇಕಂತಲೇ ಸೂಜಿ ಚುಚ್ಚಿಕೊಂಡು ಸೊಂಟ ಕಳ್ಕೊಂಡೆ ಅಂತ ಹೇಳ್ಲಾ? ಸೆಬೋವಾ ಅಲ್ಲೇ ಡೋಲಿನ ಕೋಲಲ್ಲಿ ಬಾರಿಸ್ತಾನೆ."

ಮಾರ್ಚ್ 3, ಮಂಗಳವಾರ

ಐತಿಹಾಸಿಕ ದಿನ. ಹಳೆಯ ದಿಂಬನ್ನು ನಡುವೆ ಕತ್ತರಿಸಿ, ಬಾಳೆನಾರು ತುಂಬಿ, ಎರಡು ಸೊಂಟಗಳನ್ನು ಹೊಲಿದೆ. ಎಡದ್ದಕ್ಕೆ ಪೂರ್ವ ಪ್ರಾಂತ್ಯ, ಬಲದ್ದಕ್ಕೆ ಪಶ್ಚಿಮ ಪ್ರಾಂತ್ಯ ಎಂದು ನಾಮಕರಣ. ಗಡಿಯಲ್ಲಿ ಮೂರು ಪಿನ್ನು. ಮೇಲೆ ಬಟ್ಟೆ, ಅದರ ಮೇಲೆ ಮೇಕೆಚರ್ಮ.

ಅತ್ತೆ ಕನ್ನಡಿಯ ಮುಂದೆ ತಿರುಗಿದಳು. ತುಂಬಾ ಹೊತ್ತು. "ಇದು ನಂದಲ್ಲ ಅಂತ ಗೊತ್ತಾಗುತ್ತಾ?"

"ಇದು ಸ್ವತಂತ್ರ ದೇಶ ಅತ್ತೆ. ಯಾರೂ ಪಾಸ್‌ಪೋರ್ಟ್ ಕೇಳಲ್ಲ."

ನಕ್ಕಳು. ಆದರೆ ಪಲ್ಯ ಹಾಗೇ ಬಿಟ್ಟಳು. ಬಾಳೆಕಾಯಿ ಎರಡು ತುತ್ತು. ಕಡಲೆಕಾಯಿ ಗೊಜ್ಜಿನ ವಾಸನೆಗೇ ವಾಕರಿಕೆ. ಸೂಜಿಯ ಡೋಸ್ ಏರಿಸಿದ್ದಾರೆ...

ಮಾರ್ಚ್ 14, ಶನಿವಾರ

ಕ್ಲಿನಿಕ್ಕಿನಿಂದ ಈಗಷ್ಟೇ ಬಂದೆವು. ಬರೆಯುತ್ತೇನೆ.

ಪ್ರಾಕ್ಟೀಸ್. ಅತ್ತೆ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. "ಹೊಟ್ಟೆ ತುಂಬಿದೆ" ಎಂದಳು. ಯಾವುದರಿಂದಲೋ. ಮಾತ್ರೆಯನ್ನು ಮಾತ್ರ ತಪ್ಪದೆ ನುಂಗಿದ್ದಳು. ಶಿಸ್ತು ಎಂದರೆ ಶಿಸ್ತು.

ಡೋಲು ಏರಿತು. ಅತ್ತೆಯ ಸೊಂಟ ನಡುಗತೊಡಗಿತು. ಎಂಥ ನಡುಕ! ಅಷ್ಟು ಸಣ್ಣ, ಅಷ್ಟು ಚುರುಕು ನಡುಕವನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಸೆಬೋವಾ ಮೈಮರೆತ. "ನೋಡ್ರೇ, ನೋಡಿ ಕಲೀರಿ! ಇದು ಕುಣಿತ!" ಹೆಂಗಸರು ನಾಲಿಗೆ ಆಡಿಸಿ ಕೇಕೆ ಹಾಕಿದರು. ನಾನೂ ಗಿಲಕಿ ಜೋರು ಮಾಡಿದೆ — ಮೂರ್ಖಿ.

ಆಮೇಲೆ ಅವಳ ಕೈ ಕಂಡಿತು. ಕೈಯೂ ನಡುಗುತ್ತಿತ್ತು. ನಮ್ಮ ಕುಣಿತದಲ್ಲಿ ಕೈ ನಡುಗುವುದಿಲ್ಲ. ತುಟಿಯೂ. ಕುತ್ತಿಗೆ ತುಂಬ ಬೆವರು. ಗಿಲಕಿ ಎಸೆದು ಓಡಿದೆ. ಬಿದ್ದಳು, ನನ್ನ ಮೇಲೆಯೇ. ಹಳೆಯ ತೂಕ ಇದ್ದಿದ್ದರೆ ಈ ದಿನಚರಿ ಇಲ್ಲಿಗೇ ಸಮಾಪ್ತಿ.

"ಸೋಡಾ! ಸಿಹಿ ಸೋಡಾ ತನ್ನಿ!" ಎಂದು ಕೂಗಿದೆ. ಗುಟುಕು ಗುಟುಕಾಗಿ ಕುಡಿದಳು. ಕಣ್ಣು ಬಿಟ್ಟಳು. ಹಿಂದೆ ಯಾರೋ ಮೆಲ್ಲಗೆ ಆ ಪದ ಹೇಳಿದರು.

ಡಾಕ್ಟರ್ ಅಪಿಯೊ ನಮ್ಮಿಬ್ಬರನ್ನೂ ಕೂರಿಸಿಕೊಂಡು ಉಗಿದರು. "ಸೂಜಿ, ಹಳೇ ಮಾತ್ರೆ, ಉಪವಾಸ, ಕುಣಿತ — ನಾಲ್ಕನ್ನೂ ಒಂದೇ ಪಾತ್ರೆಗೆ ಹಾಕಿದ್ರೆ ಶುಗರ್ ಪಾತಾಳಕ್ಕೆ ಹೋಗದೆ ಇನ್ನೇನಾಗುತ್ತೆ? ಕುಣೀತೀನಿ ಅಂತ ನಂಗ್ಯಾಕೆ ಹೇಳ್ಲಿಲ್ಲ?"

"ಕುಣೀಬೇಡ ಅಂದುಬಿಡ್ತೀರಿ ಅಂತ."

"ಕುಣೀಬೇಕು! ಸೂಜಿ ಕೊಬ್ಬಿನ ಜೊತೆ ಮಾಂಸಖಂಡನೂ ಕರಗಿಸುತ್ತೆ. ಕೂತ್ರೆ ಅದೂ ಹೋಗುತ್ತೆ. ಹಸಿವಾಗ್ಲಿ ಬಿಡ್ಲಿ, ಮೊಟ್ಟೆ, ಬೀನ್ಸು, ಮೀನು ತಿನ್ನು."

ಹಳೆಯ ಮಾತ್ರೆ ಬಂದ್. ಡೋಸ್ ಒಂದು ಮೆಟ್ಟಿಲು ಕೆಳಗೆ.

ಮಾರ್ಚ್ 17, ಮಂಗಳವಾರ

ಸೆಬೋವಾ ಹೇಳಿ ಕಳಿಸಿದ್ದಾನೆ. ಮಧ್ಯದ ಜಾಗ ಇನ್ನು ಅತ್ತೆಯ ಪಕ್ಕದಲ್ಲಿ ಕುಣಿಯುವ ನಂತೇಜಾಗೆ. ಅತ್ತೆ "ಸರಿ" ಎಂದಳು. ಮೇಕೆಚರ್ಮ ಮಡಿಸಿ ಪೆಟ್ಟಿಗೆಯ ತಳಕ್ಕಿಟ್ಟಳು.

ತಮಾಷೆ ಏನೂ ಹೊಳೆಯಲಿಲ್ಲ.

ಮಾರ್ಚ್ 22, ಭಾನುವಾರ

ನಂತೇಜಾ ಬಂದಳು, ಗಂಜಿಯ ಪಾತ್ರೆ ಹಿಡಿದು. ಕೂತಾಗ ಬೆಂಚು ಕಿರ್ರೆಂದಿತು. ಆ ಸೊಂಟಕ್ಕೆ ಈಗ ಊರಲ್ಲಿ ಎದುರಿಲ್ಲ. ಅತ್ತೆ ಗೋಡೆ ನೋಡುತ್ತಿದ್ದಳು.

"ನಾಲೊಂಗೊ, ಬುಧವಾರ ನನ್ನ ಜೊತೆ ಕ್ಲಿನಿಕ್ಕಿಗೆ ಬಾ. ಒಬ್ಬಳೇ ಹೋಗೋಕೆ ಮೊದಮೊದಲು ಕಷ್ಟ ಆಗುತ್ತೆ. ನಂಗೂ ಆಗಿತ್ತು."

"ನಿಂಗೆ?"

"ಹದಿನೆಂಟು ವರ್ಷದಿಂದ ಸಿಲಿಮು ಮಾತ್ರೆ ನುಂಗ್ತಿದೀನಿ. ಇಲ್ನೋಡು." ಎದ್ದು ನಿಂತು ಸೊಂಟ ತಟ್ಟಿಕೊಂಡಳು. "ಎಲ್ಲಿದೆ ಸ್ಲಿಮ್ಮು?"

ಅತ್ತೆ ಅವಳನ್ನೇ ನೋಡಿದಳು. ಆಮೇಲೆ ನಗು ಶುರುವಾಯಿತು. ನಗುತ್ತಲೇ ಅತ್ತಳು. ಫ್ರಿಜ್ಜಿನಿಂದ ಮಾರ್ಗರೀನ್ ಡಬ್ಬಿ ತಂದು ಮುಂದಿಟ್ಟಳು. "ನಂದು ಶುಗರ್ ಕಣೇ."

"ಅಯ್ಯೋ, ಸುಡುಗಾಡಿನವಳೇ! ನಾನು ದಾರಿಯುದ್ದಕ್ಕೂ ಅಳ್ತಾ ಬಂದೆ!" ಗಂಜಿ ಪಾತ್ರೆ ಅತ್ತೆಯ ಮಡಿಲಿಗೆ ತಳ್ಳಿದಳು. "ತಿನ್ನು. ಪೂರ್ತಿ. ನಿನ್ನ ಜಾಗ ಕಾಯ್ತಾ ಮಧ್ಯ ನಿಂತು ನನ್ನ ಮಂಡಿ ಹೋಗಿದೆ."

ದಿನಚರಿಗೆ ಪ್ರಮಾಣವಚನ: ನಂತೇಜಾಳ ಮಾತು ಈ ಪುಟ ದಾಟುವುದಿಲ್ಲ. ಇದು ತಮಾಷೆಯಲ್ಲ.

ಏಪ್ರಿಲ್ 9, ಗುರುವಾರ. ಬೆಳಿಗ್ಗೆ

ಅತ್ತೆ ಮೊಟ್ಟೆಗಳನ್ನು ಶತ್ರುಗಳಂತೆ ನೋಡುತ್ತಾಳೆ, ಆದರೂ ತಿನ್ನುತ್ತಾಳೆ. ಆಮೇಲೆ ಹಿತ್ತಲಲ್ಲಿ ನೀರು ತುಂಬಿದ ಹಳದಿ ಕ್ಯಾನನ್ನು ಎದೆಗಪ್ಪಿಕೊಂಡು ಬಸ್ಕಿ. ನಾನು ತೀರ್ಪುಗಾರಳು, ಕುರ್ಚಿಯಲ್ಲಿ, ಚಪಾತಿ ಮೊಟ್ಟೆ ಸುತ್ತಿದ ರೋಲೆಕ್ಸ್ ತಿನ್ನುತ್ತ. ಇವತ್ತು ಕೆಳಗೆ ಕೂತವಳು ಏಳಲೇ ಇಲ್ಲ. ಹೆದರಿದೆ.

"ಏನಾಯ್ತು?"

"ನೋಯ್ತಿಲ್ಲ ಕಣೇ. ಇಷ್ಟು ವರ್ಷ ಕಾಡಿದ ಮಂಡಿ. ನೋಯ್ತಾನೇ ಇಲ್ಲ."

ಇನ್ನೂ ಕೆಳಗಿಳಿದಳು. ಅಲ್ಲಿಂದಲೇ ಸೊಂಟ ಆಡಿಸಿದಳು. ಅಷ್ಟು ತಗ್ಗಿನಲ್ಲಿ ಅವಳು ಕುಣಿದದ್ದು ನಾನು ಹುಟ್ಟುವ ಮೊದಲಂತೆ. ರೋಲೆಕ್ಸ್ ಬಾಯಲ್ಲೇ ಉಳಿಯಿತು.

ಏಪ್ರಿಲ್ 23, ಗುರುವಾರ

ಸೆಬೋವಾ ಅರ್ಧ ಒಪ್ಪಿದ. ನಂತೇಜಾ ಬೇಕೆಂದೇ ಕುಂಟಿದ್ದಕ್ಕೆ ಒಪ್ಪಿದ. "ಮಧ್ಯ ನಿಲ್ಲು ನಾಲೊಂಗೊ. ಆದ್ರೆ ಸೊಂಟ ಬೇಕು. ತೀರ್ಪುಗಾರರು ಮೊದಲು ನೋಡೋದೇ ಅದನ್ನ." ಪ್ರಾಂತ್ಯಗಳನ್ನು ಒಗೆದು ಒಣಗಿಸಿದೆ.

ಏಪ್ರಿಲ್ 25, ಶನಿವಾರ. ಸಂಜೆ. ಮೈದಾನದಿಂದ ಬಂದು

ಬೀನ್ಸು ತಿಂದಳು. ಶುಗರ್ ನೋಡಿದೆವು, ಸರಿಯಿತ್ತು. ಸೋಡಾ ನನ್ನ ಚೀಲದಲ್ಲಿ.

ಡೋಲು ನಿಧಾನವಾಗಿ ಶುರುವಾಯಿತು. ಅತ್ತೆ ನಡುವೆ, ನಂತೇಜಾ ಪಕ್ಕದಲ್ಲಿ. ಎಲ್ಲ ಸರಿ. ಆಮೇಲೆ ಮುವೊಗೋಲಾ — ಡೋಲು ಹುಚ್ಚೆದ್ದು ಓಡುವ ಭಾಗ. ಅತ್ತೆ ತಗ್ಗಿದಳು. ತಗ್ಗಿ ಸೊಂಟ ಆಡಿಸಿದಳು ನೋಡಿ —

ಪಶ್ಚಿಮ ಪ್ರಾಂತ್ಯ ಜಾರಿತು.

ಮೊದಲು ಪಿನ್ನು. ಆಮೇಲೆ ದಿಂಬು. ಇಡೀ ಮೈದಾನದ ಎದುರು ನೆಲಕ್ಕೆ ಬಿದ್ದು, ಉರುಳಿ, ಸೆಬೋವಾನ ಡೋಲಿನ ಬುಡಕ್ಕೆ ಹೋಗಿ ನಿಂತಿತು. ಅತ್ತೆಯ ಒಂದು ಕಡೆ ದಿಬ್ಬ, ಒಂದು ಕಡೆ ಬಯಲು. ಸೆಬೋವಾನ ಕೈ ಗಾಳಿಯಲ್ಲೇ ನಿಂತಿತು. ನನ್ನ ಗಿಲಕಿಯೂ. ಹಿಂದಿನಿಂದ ಒಬ್ಬ ಕೂಗಿದ: "ಸಿಲಿಮು!"

ನಾನು ಸತ್ತೆ. ದಿಂಬು ಹೊಲಿದವಳು ನಾನು.

ಅತ್ತೆ ನೆಟ್ಟಗಾದಳು. ಚರ್ಮದ ಒಳಗೆ ಕೈ ಹಾಕಿ ಪೂರ್ವ ಪ್ರಾಂತ್ಯವನ್ನೂ ಕಿತ್ತಳು. ಕೂಗಿದವನತ್ತ ಎಸೆದಳು. ಗುರಿ ಅದ್ಭುತ.

"ಅದನ್ನ ನೀನಿಟ್ಕೋ! ನಂದು ಶುಗರ್ರು, ವಾರಕ್ಕೊಂದ್ ಸೂಜಿ ಹಾಕ್ಕೋತೀನಿ! ಸಿಲಿಮು ಆಗಿದ್ರೂ ಮಾತ್ರೆ ನುಂಗಿ ಹೀಗೇ ಕುಣೀತಿದ್ದೆ! ಸೆಬೋವಾ, ಕೈಗೆ ಲಕ್ವ ಹೊಡೀತಾ? ಬಾರಿಸು!"

ನಂತೇಜಾ ಕೇಕೆ ಹಾಕಿದಳು. ಮೊದಲ ಕೇಕೆ ಅವಳದೇ. ಡೋಲಿಗೆ ಪೆಟ್ಟು ಬಿತ್ತು. ಮತ್ತೆ ತಗ್ಗಿದ ಅತ್ತೆ ನೆಲದಿಂದ ಒಂದು ಗೇಣು ಮೇಲಿದ್ದಳು ಅಷ್ಟೆ. ಮರೆಗೆ ಕೊಬ್ಬಿಲ್ಲ, ದಿಂಬಿಲ್ಲ. ಒಂದೊಂದು ಮಿಡಿತವೂ ಕಾಣುತ್ತಿತ್ತು. ಡೋಲು ಅವಳನ್ನು ಅಟ್ಟಿಸಿಕೊಂಡು ಓಡಿತು, ಹಿಡಿಯಲಾಗಲಿಲ್ಲ. ಕೈ ನೋಡಿದೆ. ಕೈ ನಡುಗುತ್ತಿರಲಿಲ್ಲ. ಕಲ್ಲಿನ ಹಾಗೆ ನಿಂತಿತ್ತು. ಆಗ ಗಿಲಕಿ ಎತ್ತಿದೆ.

ಮೊದಲ ಬಹುಮಾನ. ದೊಡ್ಡ ಹೋತ. ಅದಕ್ಕೆ ಸಿಲಿಮು ಎಂದು ಹೆಸರಿಟ್ಟವಳು ನಂತೇಜಾ. ಸೆಬೋವಾ ಅತ್ತ. ಧೂಳು ಬಿತ್ತು ಎಂದ.

ಏಪ್ರಿಲ್ 26, ಭಾನುವಾರ

ಸೂಜಿ ಸಮಾರಂಭ. ಈ ಬಾರಿ ಬಾಗಿಲು ತೆರೆದೇ ಇತ್ತು. ಪ್ರೇಕ್ಷಕರು: ನಂತೇಜಾ, ನಲ್ಲಿಯ ಬಳಿಯ ಮೂವರು, ಒಂದು ಹೋತ. ಕಿರುಚಾಟ ಸಾಮೂಹಿಕ. ಮೂವರಲ್ಲಿ ಒಬ್ಬಳು ಹಿಂದೆ ಉಳಿದು ಡಾಕ್ಟರ್ ಅಪಿಯೊ ಯಾವ ದಿನ ಸಿಗುತ್ತಾರೆ ಎಂದು ಮೆಲ್ಲಗೆ ಕೇಳಿದಳು. ಅವಳಿಗೂ ಕಾಲಲ್ಲಿ ಗಾಯವಂತೆ.

ಈಗ ಅತ್ತೆ ಮೇಕೆಚರ್ಮ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ನನ್ನನ್ನೇ ನೋಡುತ್ತಿದ್ದಾಳೆ. ನೋಟ ಒಳ್ಳೆಯದಲ್ಲ.

"ಬರೆದದ್ದು ಸಾಕು. ಏಳು, ಕಟ್ಕೋ. ಮುಂದಿನ ಸಾಲಿಗೆ ಹುಡುಗಿ ಬೇಕಂತೆ."

"ಅತ್ತೆ, ನಂಗೆ ಸೊಂಟನೇ ಇಲ್ಲ!"

"ನಿನ್ನೆ ನಂಗೆಷ್ಟಿತ್ತು?"

ಇದಕ್ಕೊಂದು ಗಂಭೀರ ಉತ್ತರ ಯೋಚಿಸುತ್ತಿದ್ದೇನೆ. ಹೊರಗೆ ಸೆಬೋವಾ ಆಗಲೇ ಡೋಲು ಬಾರಿಸುತ್ತಿದ್ದಾನೆ. ಅತ್ತೆ ದಾರ ಸುತ್ತುತ್ತಿದ್ದಾಳೆ, ಎರಡು ಸುತ್ತು, ಮೂರು, ಅಯ್ಯೋ ಕಚಗುಳಿ, ಪೆನ್ನು ಬಿಡು ಅತ್ತೆ, ಪೆನ್ನು